ನಲವತ್ತೊಂದು ಸಾವಿರದ ಆರುನೂರ ಹನ್ನೆರಡು ಹೆಜ್ಜೆ

ನಮ್ಮಪ್ಪ ಒಂದೇ ದಿನ ನಲವತ್ತೊಂದು ಸಾವಿರದ ಆರುನೂರ ಹನ್ನೆರಡು ಹೆಜ್ಜೆ ನಡೆದಿದ್ದಾನೆ. ನೀವು ನಂಬದಿದ್ದರೆ ಬಿಡಿ, ಫೋನು ನಂಬಿದೆ. ಇವತ್ತು ಬೆಳಿಗ್ಗೆ ಅವನ ಫೋನಿನ ಧೂಳು ಒರೆಸುತ್ತಿದ್ದೆ. ಪರದೆಯ ಮೇಲೆ ಬಂಗಾರದ ಬಣ್ಣದ ಬಹುಮಾನದ ಕಪ್ಪೊಂದು ಕುಣಿಯುತ್ತ ಬಂದು, ‘ನಿಮ್ಮ ಅತ್ಯುತ್ತಮ ದಿನ ನೆನಪಿದೆಯೇ?’ ಎಂದು ಕೇಳಿತು. ನೆನಪಿದೆಯಪ್ಪಾ ತಂದೆ, ಬಹಳ ಚೆನ್ನಾಗಿ ನೆನಪಿದೆ.

ಅಷ್ಟು ಹೆಜ್ಜೆ ಅಂದರೆ ಬಳ್ಳಾರಿಯಿಂದ ಕುರುಗೋಡಿಗೆ ನಡೆದು ಹೋದಷ್ಟು. ಅಪ್ಪನಾದರೋ ಕುಡಿದ ಚಹಾದ ಲೋಟ ಕೆಳಗಿಡಲು ಕೂಡ ಕುರ್ಚಿಯಿಂದ ಏಳುವವನಲ್ಲ. ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನ ಗೇಟಿನಲ್ಲಿ ಲಾರಿ ತೂಗುವ ಕಾಟಾ ಇದೆ. ಅದರ ಪಕ್ಕದ ಗೂಡಿನಂಥ ಕೋಣೆಯಲ್ಲಿ ಮೂವತ್ತು ವರ್ಷ ಕೂತವನು ಅವನು. ಭತ್ತದ ಲಾರಿ ಬಂದು ಕಾಟಾದ ಮೇಲೆ ನಿಂತರೆ ಅಪ್ಪ ಕಿಟಕಿಯಿಂದ ಕತ್ತು ಹೊರಗೆ ಹಾಕುತ್ತಾನೆ, ಕತ್ತು ಒಳಗೆ ಎಳೆದುಕೊಂಡು ತೂಕ ಬರೆಯುತ್ತಾನೆ, ಚೀಟಿ ಹರಿದು ಕೊಡುತ್ತಾನೆ. ಆದೋನಿ ಕಡೆಯ ಡ್ರೈವರುಗಳು ‘ಎಂತ ವಚ್ಚಿಂದಿ, ಪಂಪಣ್ಣಾ?’ ಎಂದು ಕೆಳಗಿನಿಂದ ಕೂಗಿದರೆ ಎಷ್ಟು ಬಂತೆಂದು ಅವರದೇ ತೆಲುಗಿನಲ್ಲಿ ಹೇಳುತ್ತಾನೆ. ಇಡೀ ದಿನದಲ್ಲಿ ವ್ಯಾಯಾಮ ಅಂತ ಆಗುತ್ತಿದ್ದದ್ದು ಆ ಕತ್ತಿಗೆ ಮಾತ್ರ. ಲಾರಿಯ ತೂಕದಲ್ಲಿ ಒಂದು ಕಿಲೋ ಕೂಡ ಆಚೀಚೆ ಮಾಡದ ಅಂಥ ಮನುಷ್ಯನ ಹೆಜ್ಜೆಗಳಲ್ಲಿ ಸಾವಿರಗಟ್ಟಲೆ ಆಚೀಚೆ ಮಾಡಿದವನು ಅವನ ಒಬ್ಬನೇ ಮಗ. ಅಂದರೆ ನಾನು, ಎರ್ರಿಸ್ವಾಮಿ.

ನನ್ನದು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ. ಫೋನಿನ ಮೇಲೆ ಗಾಜು ಅಂಟಿಸುವುದು ನನ್ನ ಮುಖ್ಯ ವಿದ್ಯೆ. ನಾನು ಅಂಟಿಸಿದ ಗಾಜಿನ ಕೆಳಗೆ ಗುಳ್ಳೆ ಉಳಿಯುತ್ತದೆ. ಗಿರಾಕಿ ಕೇಳಿದರೆ ‘ಎರಡು ದಿನದಾಗ ತಾನ ಹೋಗತೈತ್ರಿ’ ಎನ್ನುತ್ತೇನೆ. ಗುಳ್ಳೆ ಹೋಗುವುದಿಲ್ಲ, ಗಿರಾಕಿ ಹೋಗುತ್ತಾನೆ. ಊರಿನಲ್ಲಿ ನನ್ನನ್ನು ನಂಬಿ ಫೋನು ಕೊಡುವವರು ಕಡಿಮೆ, ನಗಲಿಕ್ಕೆ ಬರುವವರು ಜಾಸ್ತಿ. ನಾನೂ ಅದನ್ನೇ ದೊಡ್ಡ ವ್ಯಾಪಾರ ಅಂದುಕೊಂಡಿದ್ದೆ.

ಈ ಹೆಜ್ಜೆಯ ಕಥೆ ಶುರುವಾದದ್ದು ನಮ್ಮ ಮನೆ ಡಾಕ್ಟರಿಂದ. ಅವರೂ ನಮ್ಮ ಹಾಗೆ ಕುರುಗೋಡಿನ ಮೂಲದವರು. ಬಳ್ಳಾರಿಯಲ್ಲಿ ಕೋಟೆಗುಡ್ಡ ಕಾಣುವ ಒಂದು ಓಣಿಯಲ್ಲಿ ಅವರ ದವಾಖಾನೆ. ನಮ್ಮ ಅಜ್ಜನ ಕೆಮ್ಮು, ಅಪ್ಪನ ಬಿಪಿ, ನನ್ನ ಬಾಲ್ಯದ ಸಮಸ್ತ ಜ್ವರಗಳು, ಎಲ್ಲ ಅವರ ಕೈಯಲ್ಲೇ ಹಾದುಹೋಗಿವೆ. ಅವರು ಕೊಡುವ ಔಷಧಿ ಕಡಿಮೆ, ಬುದ್ಧಿಮಾತು ಜಾಸ್ತಿ. ಉಪ್ಪು ಕಡಿಮೆ ಮಾಡಿರಿ, ಹೊತ್ತಿಗೆ ಮಲಗಿರಿ, ಉಣ್ಣುವ ಮೊದಲು ಕೈ ತೊಳೆಯಿರಿ, ಉಂಡ ಮೇಲೆ ಕಾಲು ಆಡಿಸಿರಿ. ಎದೆಗೆ ಟ್ಯೂಬು ಇಟ್ಟುಕೊಂಡೇ ಇದನ್ನೆಲ್ಲ ಹೇಳುತ್ತಿದ್ದರು. ಅವರಿಗೆ ನಮ್ಮ ಎದೆಬಡಿತ ಕೇಳಿಸುತ್ತಿತ್ತೋ, ಅವರದೇ ಮಾತು ಕೇಳಿಸುತ್ತಿತ್ತೋ ಅನ್ನುವುದು ನನ್ನ ಹಳೆಯ ಅನುಮಾನ.

ಆ ಬುದ್ಧಿಮಾತುಗಳನ್ನು ನಾನು ಪಾಲಿಸಲಿಲ್ಲ ಅನ್ನಬೇಡಿ. ಪಾಲಿಸಿದ್ದೇ ತಪ್ಪಾಯಿತು. ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಬೇಸಿಗೆ, ‘ಬಿಸಲು ಭಾಳ ಐತಿ, ದಿನಾ ಎಂಟು ಲೋಟ ನೀರು ಕುಡೀಬೇಕು ನೋಡು’ ಎಂದರು. ನಾನು ಆ ಎಂಟನ್ನೂ ದವಾಖಾನೆಯ ಮಡಕೆಯಿಂದಲೇ ಕುಡಿದು ಮುಗಿಸಿ ಸಿರುಗುಪ್ಪದ ಬಸ್ಸು ಹತ್ತಿದೆ. ತೆಕ್ಕಲಕೋಟೆ ಬರುವಷ್ಟರಲ್ಲಿ ಬಸ್ಸು ನನಗಾಗಿ ಮೂರು ಸಲ ನಿಂತಿತು. ನಾಲ್ಕನೇ ಸಲ ಕಂಡಕ್ಟರು ‘ಇವನ್ನ ಬಸ್ಸಿನ ಹಿಂದಿನಿಂದ ಓಡಿಸಿಕೋತ ಕರಕೊಂಡು ಬರ್ರಿ’ ಎಂದು ಅಪ್ಪನಿಗೆ ಹೇಳಿದ. ಇನ್ನೊಂದು ಸಲ, ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು ಎಂದರು. ಒಂದು ಮದುವೆಯಲ್ಲಿ ಕೂತು ಅಗಿದೆ. ನಾನು ಗೋಧಿ ಹುಗ್ಗಿಯ ಮೂರನೇ ತುತ್ತಿನ ಹತ್ತೊಂಬತ್ತನೇ ಅಗಿತದಲ್ಲಿದ್ದಾಗ ಪಂಕ್ತಿ ಎದ್ದಿತು, ನನ್ನ ಮುಂದಿನ ಎಲೆಯೂ ಎದ್ದಿತು.

ಅವರು ಹೇಳುತ್ತಿದ್ದುದರಲ್ಲೆಲ್ಲ ಮುಖ್ಯವಾದ ಪಾಠ ಒಂದಿತ್ತು. ಅದನ್ನು ಬಾಯಿಂದ ಹೇಳುತ್ತಿರಲಿಲ್ಲ, ಕುರ್ಚಿಯಿಂದ ಎದ್ದು ಮಾಡಿ ತೋರಿಸುತ್ತಿದ್ದರು. ಬಾಯಿ ಒಂದು ಕಡೆ ಓರೆ ಮಾಡಿ, ಬಲಗೈಯನ್ನು ಒದ್ದೆ ಟವೆಲಿನಂತೆ ಇಳಿಬಿಟ್ಟು, ನಾಲಗೆ ತೊದಲಿಸಿ ಲಕ್ವಾ ಹೊಡೆದವರ ಹಾಗೆ ನಿಲ್ಲುತ್ತಿದ್ದರು. ಆಮೇಲೆ ಮುಖ ಸರಿ ಮಾಡಿಕೊಂಡು, ‘ಬಾಯಿ ಓರಿ ಆದ್ರ, ಕೈ ಏಳದಿದ್ರ, ಮಾತು ತೊದಲಿದ್ರ, ಮೂರರಾಗ ಒಂದು ಕಂಡ್ರೂ ಸಾಕು, ಓಡಿ ಬರ್ರಿ. ಲಿಂಬಿಹಣ್ಣಿನ ಪಾನಕ ಕುಡಸಿಕೋತ ಕುಂದರಬ್ಯಾಡ್ರಿ. ಒಂದೊಂದು ನಿಮಿಷಾನೂ ಲೆಕ್ಕ’ ಎನ್ನುತ್ತಿದ್ದರು.

ಎಂಥ ನಟ ಅಂತೀರಿ! ನಾವು ಅದನ್ನು ಕಲಿಯದೆ ಬಿಡುತ್ತೇವೆಯೇ? ಬಳ್ಳಾರಿಯಿಂದ ಮನೆಗೆ ಬಂದ ಕೂಡಲೇ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿ ಓರೆ ಮಾಡಿ ‘ಓಲಿ ಬಲ್ಲಿ, ಓಲಿ ಬಲ್ಲಿ’ ಎನ್ನುತ್ತಿದ್ದ. ನಾನು ಕೈ ಇಳಿಬಿಟ್ಟುಕೊಂಡು ಅವನ ಹಿಂದೆ ಬರುತ್ತಿದ್ದೆ. ಅವ್ವ ರೊಟ್ಟಿ ತಟ್ಟುವುದು ಬಿಟ್ಟು, ‘ಅಂಥಾದ್ದೆಲ್ಲ ಆಡಬಾರ್ದು. ಮ್ಯಾಲ ಅಸ್ತು ಅನ್ನೋ ದೇವ್ರು ಅಡ್ಡಾಡ್ತಿರ್ತಾನ’ ಎಂದು ಬೈದು, ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. ಆ ಸೆರಗಿನ ಹಿಂದಿನ ನಗುವಿಗೋಸ್ಕರ ಅಪ್ಪ ಎಷ್ಟು ಸಲ ಬೇಕಾದರೂ ಲಕ್ವಾ ಹೊಡೆಸಿಕೊಳ್ಳಲು ತಯಾರಿದ್ದ.

ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುವುದು ನಮಗೆ ಪರೀಕ್ಷೆಗೆ ಹೋದ ಹಾಗೆ. ಎರಡು ದಿನ ಮುಂಚಿನಿಂದ ಅಪ್ಪನ ಅಭ್ಯಾಸ ಜೋರು. ಉಪ್ಪಿನಕಾಯಿ ಬಂದ್, ಹಪ್ಪಳ ಬಂದ್, ಎಂಟಕ್ಕೆಲ್ಲ ನಿದ್ದೆ. ಮೂರನೇ ದಿನ ಬಿಪಿ ಪಾಸು. ಡಾಕ್ಟರು ಖುಷಿಯಿಂದ ಬರೆದುಕೊಳ್ಳುತ್ತಿದ್ದರು. ಓಣಿಯ ತಿರುವು ದಾಟಿದ್ದೇ ತಡ, ತಳ್ಳುಗಾಡಿಯ ಮುಂದೆ ನಿಂತು ಒಗ್ಗರಣೆ ಮಂಡಕ್ಕಿ, ಅದರ ಮೇಲೆ ಮಿರ್ಚಿ. ಪರೀಕ್ಷೆ ಮುಗಿಸಿದ ಮಕ್ಕಳು ಪುಸ್ತಕ ಮೂಲೆಗೆಸೆದ ಹಾಗೆ ಅಪ್ಪ ಮಿರ್ಚಿಯ ತೊಟ್ಟನ್ನು ಎಸೆಯುತ್ತಿದ್ದ.

ಹೀಗಿರುವಾಗ ಒಂದು ತಿಂಗಳು ಡಾಕ್ಟರು ಕೇಳಿದರು:

‘ಪಂಪಣ್ಣ, ದಿನಾ ನಡೀತೀರೇನು?’

‘ನಡೀತೀನ್ರಿ.’

‘ಎಷ್ಟು?’

‘ಬೇಕಾದಷ್ಟು ನಡೀತೀನ್ರಿ.’

‘ಯಾರಿಗೆ ಬೇಕಾದಷ್ಟು? ನಿಮಗೋ, ನನಗೋ?’

ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ‘ಸಣ್ಣಾವಿದ್ದಾಗ ಕುರುಗೋಡಿನ ಗುಡ್ಡ ದಿನಾ ಹತ್ತಿ ಇಳದೀನ್ರಿ. ಆ ಸ್ಟಾಕು ಇನ್ನಾ ಒಳಗ ಐತ್ರಿ’ ಎಂದ.

‘ಸ್ಟಾಕು ಖಾಲಿ ಆಗಿ ಇಪ್ಪತ್ತು ವರ್ಷ ಆತು’ ಎಂದವರು ನನ್ನ ಕಡೆ ತಿರುಗಿದರು. ‘ಲೇ ಎರ್ರಿಸ್ವಾಮಿ, ಮೊಬೈಲ್ ಅಂಗಡಿ ಇಟ್ಟೀಯಲ್ಲ, ನಿಮ್ಮಪ್ಪಗ ಹೆಜ್ಜಿ ಎಣಸೋ ಫೋನ್ ಒಂದು ಕೊಡು. ಇನ್ನ ಮ್ಯಾಲ ನಾನು ಬಾಯಿಮಾತು ಕೇಳಂಗಿಲ್ಲ. ಫೋನ್ ನೋಡ್ತೀನಿ. ದಿನಕ್ಕ ಎಂಟು ಸಾವಿರ ಇರಬೇಕು.’

ನನ್ನ ಅಂಗಡಿಯಲ್ಲಿ ಬಿದ್ದಿದ್ದ ಹಳೇ ಫೋನೊಂದನ್ನು ಅಪ್ಪನಿಗೆ ಕೊಟ್ಟೆ. ಅವ್ವ ತಾನೇ ಹೋಗಿ ಬಿಳಿ ಬೂಟು ಆರಿಸಿ ತಂದಳು. ಮೊದಲ ದಿನ ಅಪ್ಪ ಬೂಟು ಕಟ್ಟಿಕೊಂಡು ಚಹಾದ ಅಂಗಡಿಯವರೆಗೆ ಹೋಗಿ ಕೂತ. ಮುನ್ನೂರ ನಲವತ್ತು. ಎರಡನೇ ದಿನ ಚಹಾದವನನ್ನೇ ಇತ್ತ ಕರೆದ. ತೊಂಬತ್ತು. ಮೂರನೇ ದಿನ ಬೂಟು ಕಚ್ಚಿತೆಂದು ಅದನ್ನು ಡಬ್ಬಿಗೆ ಹಾಕಿ ಕಾಟಾದ ಕೋಣೆಯಲ್ಲಿಟ್ಟ. ಮನೆಯಲ್ಲಿ ಅವ್ವನಿಗೆ ಮಾತ್ರ, ಕೆಲಸಕ್ಕೆ ಮುಂಚೆ ಅಲ್ಲೇ ಬೂಟು ಹಾಕಿಕೊಂಡು ನಡೆಯುತ್ತೇನೆ ಎಂದು ಹೇಳಿದ.

ಈಗ ಮಿಲ್ಲಿನ ಒಳಗೆ ಬನ್ನಿ. ಅಲ್ಲಿ ಭತ್ತ ಬೇರೆ ಅಕ್ಕಿ ಬೇರೆ ಮಾಡುವ ಒಂದು ಹಳೆಯ ಯಂತ್ರವಿದೆ. ಮಿಲ್ಲಿನವರು ಅದನ್ನು ಸಪ್ರೇಟ್ರು ಎನ್ನುತ್ತಾರೆ. ನೋಡಲು ಆನೆಮರಿಗೆ ಮಾಡಿಸಿದ ತೊಟ್ಟಿಲಿನಂತಿದೆ. ದಿನವಿಡೀ ಆಚೆ ಈಚೆ, ಆಚೆ ಈಚೆ ತೂಗುತ್ತಲೇ ಇರುತ್ತದೆ. ಅದನ್ನು ನೋಡಿಕೊಳ್ಳುವವರು ಅಪ್ಪನ ಗೆಳೆಯ ರಾಜಾಸಾಬರು. ಒಂದು ದಿನ ಅಪ್ಪನ ಫೋನಿಗೆ ಸಿಮ್ ಹಾಕಿಕೊಡಲು ಹೋದವನು ರಾಜಾಸಾಬರ ಜೊತೆ ಮಾತಾಡುತ್ತ ಫೋನನ್ನು ಆ ತೊಟ್ಟಿಲಿನ ಮೇಲಿಟ್ಟು ಮರೆತೆ. ಚಹಾ ಕುಡಿದು ಬಂದು ನೋಡಿದರೆ ಎರಡು ಸಾವಿರ ಹೆಜ್ಜೆ! ಆ ಯಂತ್ರ ತೂಗುವ ಗತಿಯೂ ಮನುಷ್ಯ ನಡೆಯುವ ಗತಿಯೂ ಒಂದೇ ಅನ್ನುವುದು ಜಗತ್ತಿನಲ್ಲಿ ಮೊದಲು ಗೊತ್ತಾದದ್ದು ನನಗೇ ಇರಬೇಕು. ಕಾಟಾದ ಕೋಣೆಗೆ ಓಡಿದೆ.

‘ಅಪ್ಪಾ, ನೀನು ಕುಂತಲ್ಲೇ ಎರಡು ಸಾವಿರ ನಡದೀ!’

‘ಅದಕ್ಕs ಕಾಲು ನೋಯಾಕತ್ತಾವು ನೋಡು’ ಎಂದ ಅಪ್ಪ.

ಅವತ್ತು ಮೂವರೂ ನಕ್ಕ ನಗು ಇದೆಯಲ್ಲ, ಅದನ್ನು ಕಾಟಾದ ಮೇಲೆ ಹಾಕಿದ್ದರೆ ಒಂದು ಲಾರಿ ತೂಗುತ್ತಿತ್ತು. ಮರುದಿನದಿಂದ ಅದೇ ಪದ್ಧತಿ. ಅಪ್ಪ ಬೆಳಿಗ್ಗೆ ಫೋನನ್ನು ರಾಜಾಸಾಬರಿಗೆ ಕೊಡುವುದು, ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ ಯಂತ್ರಕ್ಕೆ ಕಟ್ಟುವುದು, ಹನ್ನೆರಡು ಸಾವಿರವಾದ ಮೇಲೆ ಬಿಚ್ಚುವುದು. ರಾಜಾಸಾಬರು ಆಗಾಗ ಕಾಟಾದ ಕಿಟಕಿಗೆ ಬಂದು, ‘ಪಂಪಣ್ಣಾ, ಇವತ್ತು ಎಣ್ಣಿ ಬಿಟ್ಟೀನಿ, ನಿನ್ನ ನಡಿಗಿ ಭಾಳ ನುಣ್ಣಗ ಹೊಂಟೈತಿ’ ಎನ್ನುತ್ತಿದ್ದರು. ಇನ್ನೊಂದು ದಿನ, ‘ಬೆಲ್ಟ್ ಹರದೈತಪ್ಪಾ, ಇವತ್ತು ನಿನ್ನ ಕಾಲಿಗೆ ಸೂಟಿ!’

ಸಂಜೆ ಮನೆಗೆ ಬಂದರೆ ಅವ್ವನದು ಒಂದೇ ಪ್ರಶ್ನೆ: ‘ಎಷ್ಟಾತು?’ ನಾನು ಫೋನು ತೋರಿಸುತ್ತಿದ್ದೆ. ಅವಳು ಆ ಅಂಕಿಯನ್ನು ಹೊತ್ತುಕೊಂಡು ಓಣಿಯ ಐದು ಮನೆಗೂ ಹೋಗಿ ಬರುತ್ತಿದ್ದಳು. ಅವಳ ಮಾತು ಕೇಳಿ ಓಣಿಯ ಹೆಂಗಸರು ಬೆಳಿಗ್ಗೆ ಕಾಲುವೆಯ ದಂಡೆಗೆ ನಡೆಯಲು ಶುರು ಮಾಡಿದರು. ಆಮೇಲೆ ಅವ್ವ ಕೊಬ್ಬರಿ ಎಣ್ಣೆ ಬಿಸಿ ಮಾಡಿ, ‘ಪಾಪ, ಈ ವಯಸ್ಸಿನ್ಯಾಗ ಹನ್ನೆರಡು ಸಾವಿರ ಅಂದ್ರೇನು’ ಎಂದು ಅಪ್ಪನ ಕಾಲು ತಿಕ್ಕಲು ಕೂರುತ್ತಿದ್ದಳು. ಮೊದಲ ದಿನ ಅಪ್ಪ ನಾಚಿಕೊಂಡು ಕಾಲು ಎಳೆದುಕೊಂಡ. ಎರಡನೇ ದಿನ ಸುಮ್ಮನಿದ್ದ. ಒಂದು ವಾರವಾಗುವಷ್ಟರಲ್ಲಿ ‘ಇಲ್ಲಿ ಒಂಚೂರು, ಮೀನಖಂಡದಾಗ’ ಎಂದು ತೋರಿಸತೊಡಗಿದ. ಅವ್ವನ ತಲೆಯ ಮೇಲಿನಿಂದ ನನ್ನ ಕಡೆ ಕಣ್ಣು ಹೊಡೆದ. ನಾನು ನಗು ತಡೆಯಲಾಗದೆ ಹೊರಗೆ ಓಡಿದೆ.

ಏಳು ತಿಂಗಳು ಹೀಗೆ ನಡೆಯಿತು. ಅಪ್ಪ ಬಿಟ್ಟು ಎಲ್ಲವೂ ನಡೆಯಿತು.

ಅದರ ನಡುವೆ, ಐದನೇ ತಿಂಗಳು ರಾಜಾಸಾಬರು ಅವಸರದ ಕೆಲಸದಲ್ಲಿ ಫೋನು ಬಿಚ್ಚುವುದನ್ನು ಮರೆತರು. ಆ ದಿನ ಸಂಜೆಯವರೆಗೂ ಯಂತ್ರ ತೂಗಿತು. ಅದೇ ಈ ನಲವತ್ತೊಂದು ಸಾವಿರದ ಆರುನೂರ ಹನ್ನೆರಡು. ಮರುದಿನವೇ ಬಳ್ಳಾರಿಗೆ ಹೋಗುವ ದಿನ. ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

‘ಏನ್ರಿ ಪಂಪಣ್ಣ ಇದು? ಎಲ್ಲಿಗೆ ಹೋಗಿದ್ರಿ?’

ಅಪ್ಪ ನನ್ನ ಕಡೆ ನೋಡಿದ. ಅಲ್ಲಿಗೆ ನಿಜ ಹೇಳಿ ಬೈಸಿಕೊಂಡು ಬರಬಹುದಿತ್ತು. ಆದರೆ ಪಕ್ಕದಲ್ಲಿ ನಾನಿದ್ದೆನಲ್ಲ! ‘ಕುರುಗೋಡಿಗೆ ಹೋಗಿದ್ರಿ ಸರ್, ಬಳ್ಳಾರಿಯಿಂದ ನಡಕೋತ. ದೊಡ್ಡ ಬಸವಣ್ಣಗ ಹರಕಿ ಇತ್ರಿ’ ಎಂದುಬಿಟ್ಟೆ.

ಡಾಕ್ಟರು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಆ ಊರಿನವರು, ಆ ಬಸವಣ್ಣನ ಒಕ್ಕಲು. ಅವರ ಕಣ್ಣು ಒದ್ದೆಯಾಯಿತು. ‘ನಾನೂ ಒಂದ್ಸಲ ಹೋಗಬೇಕು ಅಂತ ಮೂವತ್ತು ವರ್ಷದಿಂದ ಅನಕೋತೀನಪಾ, ಆಗವಲ್ದು. ನೀವು ಮಾಡಿದ್ರಿ’ ಎಂದರು. ಬಿಪಿ ನೋಡಿದರು. ಎರಡು ದಿನದ ಅಭ್ಯಾಸದ ಬಲದಿಂದ ಅದೂ ಪಾಸಾಯಿತು. ಚೀಟಿ ತೆಗೆದುಕೊಂಡು, ‘ಇಷ್ಟು ನಡಿಯೋ ಮನುಷ್ಯಾಗ ಇಷ್ಟು ಮಾತ್ರಿ ಯಾಕ? ಅರ್ಧಕ್ಕ ಇಳಸೋಣು’ ಎಂದು ಬರೆದುಕೊಟ್ಟರು.

ಹೊರಗೆ ಬಂದ ಮೇಲೆ ಅಪ್ಪ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಆಮೇಲೆ, ‘ಬಸವಣ್ಣನ ಹೆಸರು ಹೇಳಬಾರದಾಗಿತ್ತಲೇ’ ಎಂದ. ‘ಬಸವಣ್ಣಗ ನಗಿ ಬರಂಗಿಲ್ಲೇನು?’ ಎಂದೆ ನಾನು. ಅಪ್ಪ ನಕ್ಕುಬಿಟ್ಟ. ಅವತ್ತು ನಾಲ್ಕು ಮಿರ್ಚಿ ತಿಂದ.

ಇದಾಗಿ ಎರಡು ತಿಂಗಳಿಗೆ, ಒಂದು ಬೆಳಿಗ್ಗೆ ಬುತ್ತಿ ಕೊಡಲು ಕಾಟಾದ ಕೋಣೆಗೆ ಹೋದೆ. ಅಪ್ಪ ಕುರ್ಚಿಯಲ್ಲಿದ್ದ. ಕಿಟಕಿಯ ಹೊರಗೆ ಡ್ರೈವರೊಬ್ಬ ‘ಎಂತ, ಪಂಪಣ್ಣಾ?’ ಎಂದು ಕೂಗುತ್ತಿದ್ದ. ಅಪ್ಪ ನನ್ನ ಕಡೆ ತಿರುಗಿದ. ಬಾಯಿ ಓರೆ ಮಾಡಿದ. ಬಲಗೈ ಇಳಿಬಿಟ್ಟ. ‘ಓ… ಲಿ…’ ಎಂದ.

ನಾನು ನಕ್ಕೆ. ಬಿದ್ದು ಬಿದ್ದು ನಕ್ಕೆ. ಇಷ್ಟು ಚೆನ್ನಾಗಿ ಅವನು ಯಾವತ್ತೂ ಮಾಡಿರಲಿಲ್ಲ. ಬಾಯಿಂದ ಜೊಲ್ಲು ಕೂಡ ಇಳಿಸಿದ್ದ. ‘ಡಾಕ್ಟ್ರನ್ನ ಮೀರಿಸಿದಿ ಬಿಡಪ್ಪಾ!’ ಎಂದು ಚಪ್ಪಾಳೆ ತಟ್ಟಿದೆ. ಸಾಲದು ಅಂತ ನಾನೂ ಬಾಯಿ ಓರೆ ಮಾಡಿ, ಕೈ ಇಳಿಬಿಟ್ಟು ಅವನ ಎದುರಿಗೆ ನಿಂತೆ. ಅಪ್ಪ ಮತ್ತೆ ಅದನ್ನೇ ಅಂದ. ನಾನೂ ಮತ್ತೆ ಅದನ್ನೇ ಅಂದೆ. ಅವನ ಕಣ್ಣಲ್ಲಿ ನೀರು ಬಂತು. ನಗುವಾಗ ಅವನಿಗೆ ನೀರು ಬರುವುದಿತ್ತು, ಹಾಗಾಗಿ ನಾನು ಇನ್ನೂ ನಕ್ಕೆ. ಚೀಟಿ ಕೇಳಲು ಒಳಗೆ ಬಂದ ಡ್ರೈವರು ಇಬ್ಬರ ಮುಖವನ್ನೂ ನೋಡಿ, ನನ್ನನ್ನು ಪಕ್ಕಕ್ಕೆ ತಳ್ಳಿ ಅಪ್ಪನನ್ನು ಎತ್ತಿಕೊಂಡ.

ನಾನು ಎಷ್ಟು ನಿಮಿಷ ನಕ್ಕೆ ಅನ್ನುವುದು ಗೊತ್ತಿಲ್ಲ. ಒಂದೊಂದು ನಿಮಿಷವೂ ಲೆಕ್ಕ ಎಂದು ಡಾಕ್ಟರು ಹೇಳಿದ್ದರಲ್ಲ, ಆ ಲೆಕ್ಕ ಹಾಕುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಎಲ್ಲ ತಿಳಿದ ಮನೆ ನಮ್ಮದು. ಬಾಯಿ, ಕೈ, ಮಾತು, ಮೂರೂ ನಮಗೆ ಬಾಯಿಪಾಠ. ಏನೂ ಗೊತ್ತಿಲ್ಲದವರ ಮನೆಯಲ್ಲಾದರೆ ನೋಡಿದ ಕೂಡಲೇ ಗಾಬರಿಯಾಗಿ ಓಡಿರುತ್ತಿದ್ದರು. ನಾನು ಗೊತ್ತಿದ್ದುದರಿಂದಲೇ ನಕ್ಕೆ.

ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇಟ್ಟುಕೊಂಡು ಕಳಿಸಿದರು. ಅಪ್ಪ ಉಳಿದ. ಬಲಗೈ ಉಳಿಯಲಿಲ್ಲ, ಮಾತು ಉಳಿಯಲಿಲ್ಲ, ಬಲಗಾಲು ಎಳೆದರೆ ಬರುತ್ತದೆ. ‘ಹಾ’ ಅನ್ನುವ ಒಂದೇ ಶಬ್ದ ಹೊರಡುತ್ತದೆ. ಹೌದಿಗೂ ಅದೇ, ಬೇಡಕ್ಕೂ ಅದೇ, ಅವ್ವನ ಹೆಸರೂ ಅದೇ.

ಅವ್ವ ಇದಕ್ಕೆಲ್ಲ ಒಂದು ಕಾರಣ ಕಂಡುಹಿಡಿದಳು. ‘ಆ ಡಾಕ್ಟ್ರು ನಡಸಿ ನಡಸಿ ನನ್ನ ಗಂಡನ್ನ ಕೆಡಿಸಿಬಿಟ್ರು. ಐವತ್ತೆಂಟು ವರ್ಷದ ಮನುಷ್ಯಾನ್ನ ದಿನಕ್ಕ ಹನ್ನೆರಡು ಸಾವಿರ ಹೆಜ್ಜಿ ನಡಸ್ತಾರೇನು ಯಾರಾದ್ರೂ? ನರ ಕಿತ್ತು ಹೋಗದ ಇರ್ತಾವೇನು?’ ನೋಡಲು ಬಂದವರಿಗೆಲ್ಲ ಇದೇ ಮಾತು. ನಾನು ಆ ಮಾತು ಬಂದಾಗಲೆಲ್ಲ ಏನೋ ತರುವ ನೆವ ಮಾಡಿ ಎದ್ದು ಹೋಗುತ್ತಿದ್ದೆ. ಓಣಿಯ ಹೆಂಗಸರು ಕಾಲುವೆಯ ದಂಡೆಗೆ ಹೋಗುವುದನ್ನು ಬಿಟ್ಟರು.

ಒಂದು ಭಾನುವಾರ ಡಾಕ್ಟರೇ ಬಸ್ಸು ಹಿಡಿದು ಸಿರುಗುಪ್ಪಕ್ಕೆ ಬಂದರು. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

‘ಇನ್ನಾ ನಡಸಾಕ ಬಂದ್ರೇನ್ರಿ?’

‘ತಾಯಿ, ಒಂದ್ಸಲ ನೋಡಿ ಹೋಗ್ತೀನಿ.’

‘ನೋಡಿದ್ದು ಸಾಕು. ನೀವು ಹೇಳಿದ್ದಕ್ಕಿಂತ ಜಾಸ್ತಿನs ನಡದ್ರು ನನ್ನ ಗಂಡ. ಕುಂತಲ್ಲೇ ಕುಂತಿದ್ರ ಇವತ್ತು ಮಾತಾಡ್ತಿದ್ರು.’

ಎಪ್ಪತ್ತು ದಾಟಿದ ಮನುಷ್ಯ ಬಿಸಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಹಣ್ಣಿನ ಚೀಲವನ್ನು ಕಟ್ಟೆಯ ಮೇಲಿಟ್ಟು ತಿರುಗಿ ಹೊರಟರು. ಬಸ್ ಸ್ಟ್ಯಾಂಡಿಗೆ ಬಿಡಲು ನಾನು ಜೊತೆಗೆ ಹೋದೆ. ದಾರಿಯಲ್ಲಿ ಬೇವಿನ ಗಿಡದ ಕೆಳಗೆ ನಿಂತರು. ನಾನು ಚಿಕ್ಕವನಿದ್ದಾಗಿನಿಂದ ನಮಗೆ ಬರೀ ಹೇಳುತ್ತಲೇ ಬಂದಿದ್ದ ಮನುಷ್ಯ ಅವತ್ತು ನನ್ನನ್ನು ಕೇಳಿದರು:

‘ಎರ್ರಿಸ್ವಾಮಿ, ಖರೇನs ಹೇಳು. ಭಾಳ ನಡಸಿಬಿಟ್ಟೆನೇನೋ ನಾನು?’

ನನ್ನ ಹತ್ತಿರ ಎಲ್ಲದಕ್ಕೂ ಒಂದು ಜೋಕಿರುತ್ತದೆ. ಅವತ್ತು ಹುಡುಕಿದೆ, ಸಿಗಲಿಲ್ಲ. ಸಪ್ರೇಟ್ರು, ರಾಜಾಸಾಬರು, ಬಿಚ್ಚಲು ಮರೆತ ದಿನ, ಬಸವಣ್ಣನ ಹರಕೆ, ಎರಡು ದಿನದ ಅಭ್ಯಾಸ, ಮಿರ್ಚಿ, ಓಣಿಯ ಹೆಂಗಸರು ನಡಿಗೆ ಬಿಟ್ಟದ್ದು, ಎಲ್ಲ ಹೇಳಿದೆ. ಅವರು ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಅವರು ಗಿಡದ ಬುಡದ ಕಲ್ಲಿನ ಮೇಲೆ ಕೂತರು.

‘ಆ ಯಂತ್ರ ಹೆಂಗ ತೂಗತೈತಿ?’ ಎಂದು ಕೇಳಿದರು. ನಾನು ಕೈಯನ್ನು ಆಚೆ ಈಚೆ ಮಾಡಿ ತೋರಿಸಿದೆ. ಬಹಳ ಹೊತ್ತು ನನ್ನ ಕೈಯನ್ನೇ ನೋಡಿದರು.

‘ಕಾಲು ನೋಡಬೇಕಾಗಿತ್ತಪಾ ನಾನು. ಒಂದ್ಸಲ ಅಂಗಾಲು ಮುಟ್ಟಿದ್ರ ಗೊತ್ತಾಗ್ತಿತ್ತು, ನಡಿಯೋ ಕಾಲು ಹಂಗ ಮೆತ್ತಗ ಇರಂಗಿಲ್ಲ. ಫೋನ್ ನೋಡಿದೆ. ನೋಡಿ ಖುಷಿಪಟ್ಟೆ. ಮಾತ್ರಿ ಇಳಿಸಿದ ಕೈ ಇದs ಅಲ್ಲೇನು’ ಎಂದು ತಮ್ಮ ಬಲಗೈ ನೋಡಿಕೊಂಡರು. ಬಸ್ಸು ಹತ್ತುವಾಗ ಒಂದೇ ಮಾತು ಹೇಳಿದರು: ‘ನಿಮ್ಮವ್ವಗ ಹೇಳು. ನನ್ನ ಸಲುವಾಗಿ ಬ್ಯಾಡ. ನಿಮ್ಮ ಓಣ್ಯಾಗಿನವ್ರು ನಡಿಯೋದು ಬಿಟ್ಟಾರ.’

‘ಹೇಳ್ತೀನ್ರಿ’ ಎಂದೆ. ಎರಡು ತಿಂಗಳು ಹೇಳಲಿಲ್ಲ. ದಿನಾ ಬೆಳಿಗ್ಗೆ ಇವತ್ತು ಎಂದುಕೊಳ್ಳುತ್ತಿದ್ದೆ. ಅವ್ವ ಎಣ್ಣೆಯ ಬಟ್ಟಲು ಹಿಡಿದುಕೊಂಡು ಅಪ್ಪನ ಬಲಗಾಲಿನ ಹತ್ತಿರ ಕೂರುವುದನ್ನು ನೋಡಿದರೆ ನಾಲಗೆ ಒಳಗೆ ಹೋಗುತ್ತಿತ್ತು. ಮನೆಯಲ್ಲಿ ಮಾತು ಹೋದವರು ಇಬ್ಬರಾದೆವು.

ಇವತ್ತು ಫೋನಿನ ಧೂಳು ಒರೆಸುತ್ತಿದ್ದೆ ಎಂದೆನಲ್ಲ, ಅದು ಅವ್ವನ ಅಪ್ಪಣೆ. ಅಪ್ಪ ಈಗ ನನ್ನ ಹೆಗಲು ಹಿಡಿದುಕೊಂಡು ಮಂಚದಿಂದ ಹೊಸ್ತಿಲವರೆಗೆ ಬರುತ್ತಾನೆ. ಹೋಗುತ್ತ ಹನ್ನೊಂದು ಹೆಜ್ಜೆ, ಬರುತ್ತ ಹನ್ನೊಂದು. ಕಾಲು ಜಾರಬಾರದು ಎಂದು ಆಸ್ಪತ್ರೆಯವರು ಬೂಟು ಹಾಕಲು ಹೇಳಿದ್ದರಿಂದ ರಾಜಾಸಾಬರು ಕಾಟಾದ ಕೋಣೆಯಿಂದ ಡಬ್ಬಿ ತಂದುಕೊಟ್ಟಿದ್ದರು. ನಾನು ಬೂಟು ಕಟ್ಟುತ್ತಿದ್ದಾಗ ಅವ್ವ, ‘ಆ ಹೆಜ್ಜಿ ಎಣಸೋ ಫೋನ್ ತಗೀ. ದಿನಾ ಒಂದೊಂದು ಜಾಸ್ತಿ ಆಗೋದು ನೋಡಿದ್ರ ಅವ್ರಿಗೂ ಉಮೇದು ಬರತೈತಿ’ ಎಂದಳು.

ಫೋನನ್ನು ಅಪ್ಪನ ಜೇಬಿಗೆ ಹಾಕಿದೆ. ನಡೆದೆವು. ಒಂದೊಂದು ಹೆಜ್ಜೆಗೂ ಅಪ್ಪ ನಿಂತ, ಉಸಿರು ತೆಗೆದುಕೊಂಡ, ಕಾಲು ಎಳೆದ. ಹನ್ನೊಂದು, ಹನ್ನೊಂದು. ಮಂಚದ ಮೇಲೆ ಕೂತಾಗ ಅವನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಅವ್ವ ಹಳೆಯ ಹುರುಪಿನಿಂದ ಕೇಳಿದಳು:

‘ಎಷ್ಟಾತು?’

ಫೋನು ತೆಗೆದು ನೋಡಿದೆ. ಸೊನ್ನೆ. ಇಷ್ಟು ನಿಧಾನವಾಗಿ ನಡೆಯುವುದನ್ನು ಆ ಫೋನು ನಡಿಗೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

‘ಯಾಕ ಎಣಸವಲ್ದು? ಅವಾಗ ಹನ್ನೆರಡು ಸಾವಿರ ಎಣಸ್ತಿತ್ತಲ್ಲೋ?’

ನಾನು ಫೋನಿನ ಪರದೆಯನ್ನು ಅಂಗಿಗೆ ಒರೆಸಿದೆ. ಆಗ ಅಪ್ಪ ಎಡಗೈ ಎತ್ತಿದ. ಗಾಳಿಯಲ್ಲಿ ಅದನ್ನು ಆಚೆ ಈಚೆ, ಆಚೆ ಈಚೆ ತೂಗಿದ. ನನ್ನ ಕಡೆ ನೋಡಿ ‘ಹಾ’ ಎಂದ.

‘ಏನಂತಾರೋ? ಗಾಳಿ ಹಾಕ್ಬೇಕಂತೇನು?’ ಎಂದು ಅವ್ವ ಬೀಸಣಿಗೆ ಹುಡುಕಿದಳು. ಅಪ್ಪ ಕೈ ನಿಲ್ಲಿಸಲಿಲ್ಲ. ಮಾತಿದ್ದಾಗ ಏಳು ತಿಂಗಳು ಮುಚ್ಚಿಟ್ಟದ್ದನ್ನು ಮಾತು ಹೋದ ಮೇಲೆ ಹೇಳುತ್ತಿದ್ದ. ಅದನ್ನು ಕನ್ನಡಕ್ಕೆ ತರಬೇಕಾದವನು ಆ ಮನೆಯಲ್ಲಿ ನಾನೊಬ್ಬನೇ. ಹೇಳಿದೆ. ಎಲ್ಲಿಯೂ ನಗಿಸದೆ, ಮೊದಲಿನಿಂದ ಕೊನೆಯವರೆಗೆ ಹೇಳಿದೆ.

ಅವ್ವ ಅಪ್ಪನ ಕಾಲಿನಿಂದ ಒಂದು ಬೂಟು ಬಿಚ್ಚಿ, ತಿರುಗಿಸಿ ನೋಡಿದಳು. ಅಟ್ಟೆಯ ಒಂದು ಗೆರೆಯೂ ಸವೆದಿರಲಿಲ್ಲ. ಅಂಗಡಿಯವನು ಅಂಟಿಸಿದ ಚೀಟಿ ಕೂಡ ಹಾಗೇ ಇತ್ತು.

‘ಏಳು ತಿಂಗಳು ತಿಕ್ಕೀನಲ್ಲೋ ಈ ಕಾಲು’ ಎಂದಳು. ಕೂಗಲಿಲ್ಲ. ಅಪ್ಪನ ಕಡೆಯೂ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಬೂಟನ್ನು ಮತ್ತೆ ಹಾಕಿ, ದಾರ ಕಟ್ಟಿದಳು. ‘ಆ ಹಿರಿಮನುಷ್ಯಾನ್ನ ಬಿಸಲಾಗ ನಿಂದರಿಸಿ ಬೈದೆ. ಒಂದು ಲೋಟ ನೀರು ಕೊಡಲಿಲ್ಲ.’

ಎದ್ದು ಮುಖ ತೊಳೆದು ಸೀರೆ ಬದಲಿಸಿದಳು. ‘ಬಳ್ಳಾರಿ ಬಸ್ಸು ಎಷ್ಟಕ್ಕೈತಿ?’ ಎಂದು ಗೋಡೆಯನ್ನು ಕೇಳಿದಳು. ‘ನಾನೂ ಬರ್ತೀನಿ ಅವ್ವಾ’ ಎಂದೆ. ‘ನೀನು ಮನ್ಯಾಗಿರು’ ಎಂದು ಹೊಸ್ತಿಲು ದಾಟಿ ಹೋದಳು. ಅಪ್ಪ ಅವಳ ಬೆನ್ನ ಹಿಂದೆ ‘ಹಾ, ಹಾ’ ಎಂದು ಕರೆದ. ಅದು ಅವಳ ಹೆಸರೆಂದು ಅವಳಿಗೆ ಗೊತ್ತು. ತಿರುಗಲಿಲ್ಲ.

ಮನೆಯಲ್ಲಿ ನಾವಿಬ್ಬರೇ ಉಳಿದೆವು. ಕೈಯಲ್ಲಿದ್ದ ಫೋನಿನಲ್ಲಿ ಆ ಬಂಗಾರದ ಕಪ್ಪು ಮತ್ತೆ ಕುಣಿಯಿತು. ದಾಖಲೆ ಸರಿಗಟ್ಟಲು ಇನ್ನು ನಲವತ್ತೊಂದು ಸಾವಿರದ ಆರುನೂರ ಹನ್ನೆರಡು ಹೆಜ್ಜೆ ಬಾಕಿ ಎಂದಿತು. ನಾನು ಕೂತು ಲೆಕ್ಕ ಮಾಡಿದೆ. ದಿನಕ್ಕೆ ಇಪ್ಪತ್ತೆರಡು ಹೆಜ್ಜೆಯಂತೆ ಐದು ವರ್ಷದ ಮೇಲೆ ಎರಡು ತಿಂಗಳು. ಆ ತೊಟ್ಟಿಲು ಒಂದು ದಿನದಲ್ಲಿ ತೂಗಿದ್ದನ್ನು ಅಪ್ಪ ನಡೆದು ತೀರಿಸಲು ಅಷ್ಟು ಬೇಕು.

‘ಅಪ್ಪಾ, ಐದು ವರ್ಷ ಎರಡು ತಿಂಗಳು ಹಿಡೀತೈತಿ ನೋಡು’ ಎಂದೆ. ಹಳೆಯ ಚಾಳಿ, ಇನ್ನೇನು ಹೇಳಬೇಕೋ ಗೊತ್ತಾಗಲಿಲ್ಲ.

ಅಪ್ಪ ನನ್ನ ಕಡೆ ತಿರುಗಿದ. ಬಾಯಿ ಒಂದು ಕಡೆಗೆ ಓರೆಯಾಯಿತು. ಕಣ್ಣಲ್ಲಿ ನೀರು ಬಂತು. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. ತಿಳಿಯುವವರೆಗೆ ನಗಬಾರದು ಎಂದು ಅವನ ಮುಖವನ್ನೇ ನೋಡುತ್ತ ಕೂತಿದ್ದೇನೆ.